ಹೆಸರು, ಊರು, ಆಮೇಲೆ ಮಾತು

ಗಲಾಟೆ ಎದ್ದರೆ ಹಾಡು ಹಾಕು. ಹುಬ್ಬಳ್ಳಿಯಲ್ಲಿ ನಮ್ಮ ಕಾಕಾನ ಮೈಕ್‌ಸೆಟ್ ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಮದುವೆಯಲ್ಲಿ ಬೀಗರು ತೋಳೇರಿಸಿದರೆ, ಚುನಾವಣೆಯ ಸಭೆಯಲ್ಲಿ ಚಪ್ಪಲಿ ಹಾರಿದರೆ, ಕಾಕಾ ಒಂದು ಕೈಯಲ್ಲಿ ಮೈಕಿನ ಧ್ವನಿ ಇಳಿಸಿ ಇನ್ನೊಂದು ಕೈಯಲ್ಲಿ ಹಾಡು ಏರಿಸುತ್ತಿದ್ದ. ಒಬ್ಬರ ಬೈಗುಳ ಇನ್ನೊಬ್ಬರಿಗೆ ಕೇಳದೆ ಜನ ತಣ್ಣಗಾಗುತ್ತಿದ್ದರು. ಎಲೆಕ್ಟ್ರಾನಿಕ್ಸ್ ಬಿ.ಇ. ಓದಿದ ಮೇಲೂ ಈ ಪಾಠವನ್ನು ನಾನು ಅನುಮಾನಿಸಿರಲಿಲ್ಲ. ಚಿಕಾಗೋದಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ವ್ಯಾಪಾರ ಶುರು ಮಾಡಿದಾಗ ಅದನ್ನೂ ಸಾಮಾನಿನ ಜೊತೆಗೇ ತಂದುಕೊಂಡಿದ್ದೆ. ಆ ಪಾಠದಿಂದ ಒಬ್ಬ ಮನುಷ್ಯನ ಪ್ರಾಣ ಹೋಗುವುದರಲ್ಲಿತ್ತು. ನನ್ನದೂ.

೨೦೦೪ರ ಬೇಸಿಗೆ. ಚಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ನನ್ನ ಗೋದಾಮಿಗೆ ಬೋಸ್ನಿಯಾದ ಒಬ್ಬ ಹೆಂಗಸು ಬಂದಳು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಅವಳ ಊರಿನ ರಾಜಕಾರಣಿಯೊಬ್ಬರು ಅಮೆರಿಕಕ್ಕೆ ಬರುತ್ತಿದ್ದರು. ಅವರ ಎರಡು ಸಭೆಗಳಿಗೆ, ಒಂದು ಚಿಕಾಗೋದಲ್ಲಿ, ಒಂದು ಡೆಟ್ರಾಯಿಟ್ ಕಡೆ, ಮೈಕ್ ಬೇಕಿತ್ತು. ಎರಡಕ್ಕೂ ಅವಳೇ ಸಂಘಟಕಿ. ನಿಮ್ಮವರಲ್ಲೇ ಸೌಂಡ್ ಮಾಡುವವರು ಬಹಳ ಜನ ಇದ್ದಾರಲ್ಲ ಎಂದೆ. ಅದೇ ತೊಂದರೆ ಎಂದಳು. ಮುಸ್ಲಿಮ್ ಬೋಸ್ನಿಯಾಕ್, ಆರ್ಥೊಡಾಕ್ಸ್ ಸರ್ಬ್, ಕ್ಯಾಥೊಲಿಕ್ ಕ್ರೊಯಾಟ್, ಈ ಮೂವರಲ್ಲಿ ಯಾರನ್ನು ಕರೆದರೂ ಉಳಿದಿಬ್ಬರು ಅನುಮಾನಪಡುತ್ತಾರಂತೆ. "ನೀವು ಇಂಡಿಯನ್. ನಿಮಗೆ ಯಾವ ಪಕ್ಷವೂ ಇಲ್ಲ." ನನ್ನ ಹೆಸರು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬರುವವರು ಕ್ರೊಯಾಟ್. ತೊಂಬತ್ತರ ದಶಕದ ಯುದ್ಧದ ಮೊದಲು ಊರಿನ ನೀರು ಸರಬರಾಜಿನ ಎಂಜಿನಿಯರ್. ಯುದ್ಧ ಮುಗಿದ ಮೇಲೆ ಅವರ ಊರು ಹೊಳೆಯ ಆಚೆ ಕ್ರೊಯಾಟರದ್ದು, ಈಚೆ ಬೋಸ್ನಿಯಾಕರದ್ದು ಎಂದು ಒಡೆದುಹೋಗಿತ್ತು. ಅಂಥ ಊರಿನ ಪುರಸಭೆಗೆ ಅವರು ನಾಲ್ಕು ವರ್ಷ ಅಧ್ಯಕ್ಷರಾಗಿದ್ದರು. ಹೊಳೆಯಾಚೆ ತಮ್ಮದೇ ಬೇರೆ ಪುರಸಭೆ ಮಾಡಿಕೊಳ್ಳೋಣ ಎಂದು ಅವರ ಸ್ವಂತ ಪಕ್ಷ ಹೇಳಿದಾಗ ಒಪ್ಪಲಿಲ್ಲ. ಪಕ್ಷದಿಂದ ಹೊರಹಾಕಿದರು. ಅವರ ಕಾರಿಗೆ ಎರಡು ಸಲ ಬೆಂಕಿ ಬಿತ್ತು. ಈಗ ಯಾವ ಪಕ್ಷವೂ ಇಲ್ಲದೆ, ಜನರೇ ನೇರ ಆರಿಸುವ ಮೇಯರ್ ಸ್ಥಾನಕ್ಕೂ ಪುರಸಭೆಯ ಸದಸ್ಯ ಸ್ಥಾನಕ್ಕೂ ನಿಂತಿದ್ದರು. ಯುದ್ಧದಲ್ಲಿ ಓಡಿಬಂದವರು ಎಲ್ಲೇ ಇರಲಿ, ಅರ್ಜಿ ತುಂಬಿ ಕಳಿಸಿದರೆ ತಮ್ಮ ಹಳೆಯ ಊರಿಗೆ ಅಂಚೆಯಲ್ಲಿ ಓಟು ಹಾಕಬಹುದಿತ್ತು. ಆ ಊರಿನವರು ಚಿಕಾಗೋ, ಡೆಟ್ರಾಯಿಟ್‌ಗಳಲ್ಲಿ ಸಾಕಷ್ಟಿದ್ದರು. ಅವರು ಅರ್ಜಿ ತುಂಬಿದರೆ ಅಧ್ಯಕ್ಷರಿಗೆ ಒಂದು ದಾರಿ ಇತ್ತು. ಇಲ್ಲದಿದ್ದರೆ ಅವರ ರಾಜಕೀಯ ಅಲ್ಲಿಗೆ ಮುಗಿಯಿತು.

ಮೊದಲ ಸಭೆ ಡೆವನ್ ಅವೆನ್ಯೂಗೆ ಹತ್ತಿರದ ಒಂದು ಹಾಲ್‌ನಲ್ಲಿ, ಶನಿವಾರ ಮಧ್ಯಾಹ್ನ. ನನ್ನ ಜೊತೆ ಸಾಮಾನು ಎತ್ತಿ ಇಳಿಸಲು ಮೈಸೂರಿನ ಗೆಳೆಯನೊಬ್ಬ ಬಂದಿದ್ದ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವನು. ಸ್ಪೀಕರ್ ಹೊತ್ತರೆ ಜಿಮ್ ದುಡ್ಡು ಉಳಿಯುತ್ತದೆ ಎನ್ನುತ್ತಿದ್ದ. ನಾನು ಮುಂದಾಲೋಚನೆಯ ಮನುಷ್ಯ. ಸಭೆಗೆ ಮೊದಲು ಹಾಕಲು ಅವರ ಕಡೆಯ ಸಂಗೀತ ಇರಲಿ ಎಂದು ಆ ದೇಶದವರ ಒಂದು ದಿನಸಿ ಅಂಗಡಿಗೆ ಹೋಗಿ, ನಿಮ್ಮ ಕಡೆಯ ಒಳ್ಳೆಯ ಹಾಡು ಕೊಡಿ ಎಂದು ಒಂದು ಸಿ.ಡಿ. ಕೊಂಡು ತಂದಿದ್ದೆ. ಹೊದಿಕೆಯ ಮೇಲೆ ಬೆಟ್ಟ, ಹೊಳೆ. ಜನ ಬಂದು ಕೂರುವಾಗ ಮೊದಲೆರಡು ಹಾಡು ಹಾಕಿದೆ. ಅಕಾರ್ಡಿಯನ್, ಹೆಂಗಸರ ದನಿ. ಕೆಲವರು ತಲೆಯಾಡಿಸಿದರು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳಿಸಬೇಕೆಂದು ಸಂಘಟಕಿ ಗೊತ್ತುಮಾಡಿದ್ದಳು. ಎದುರಾಬದುರು ಮಾತಾದರೆ ಹೊಡೆದಾಟವಾದೀತೆಂಬ ಭಯ. ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲವಾದರೂ ಅತಿಥಿಯಾಗಿ ಬಂದವರು, ಒಪ್ಪಿದರು. ಎತ್ತರದ, ಬಗ್ಗಿದ ಬೆನ್ನಿನ ಮನುಷ್ಯ, ಅರುವತ್ತರ ಆಸುಪಾಸು. ಒಂದೊಂದೇ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು. ಹೆಸರಿಲ್ಲದ ಚೀಟಿಗಳು. ಅವರು ಓದಿದ್ದು ನನಗೆ ತಿಳಿಯಲಿಲ್ಲ, ಸಭೆಯ ಮುಖ ತಿಳಿಯಿತು. ಐದನೆಯದೋ ಆರನೆಯದೋ ಚೀಟಿಗೆ ಎಡಗಡೆ ಒಬ್ಬ ಎದ್ದ. ಬಲಗಡೆ ಇಬ್ಬರು ಎದ್ದರು. ಕುರ್ಚಿ ಎಳೆದ ಸದ್ದು.

ನನ್ನ ಕೈ ಯೋಚಿಸಲಿಲ್ಲ. ಮೈಕಿನ ಗುಂಡಿ ಕೆಳಕ್ಕೆ, ಹಾಡಿನದು ಮೇಲಕ್ಕೆ. ಸಿ.ಡಿ.ಯ ಮೂರನೆಯ ಹಾಡು.

ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಇಡೀ ಹಾಲ್ ಎದ್ದು ನಿಂತಿತ್ತು. ಒಂದು ಕುರ್ಚಿ ಹಾರಿ ಮೊದಲ ಸಾಲಿನ ಮುದುಕರೊಬ್ಬರ ಹಣೆಗೆ ಬಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದರು. ಅವರ ಬಾಯಿ ಆಡುವುದು ಕಾಣುತ್ತಿತ್ತು, ದನಿ ಇಲ್ಲ. ದನಿ ನಾನೇ ತೆಗೆದಿದ್ದೆ. ಸಂಘಟಕಿ ಓಡಿ ಬಂದು ಗೋಡೆಯ ಪ್ಲಗ್ಗನ್ನೇ ಕಿತ್ತಳು. ಆಮೇಲೆ ನನ್ನ ಮುಖ ನೋಡಿ, ಅದು ಯಾವ ಹಾಡು ಗೊತ್ತೇ ಎಂದು ಕೇಳಿದಳು. ಆ ಊರಿನ ಬೋಸ್ನಿಯಾಕರನ್ನು ಮನೆಗಳಿಂದ ಎಬ್ಬಿಸಿ ಓಡಿಸಿದ ಕ್ರೊಯಾಟ್ ಪಡೆಯವರು ಲಾರಿಯ ಮೇಲೆ ನಿಂತು ಹಾಡುತ್ತಿದ್ದ ಹಾಡು ಅದು.

ಅರ್ಜಿಗಳ ಪೆಟ್ಟಿಗೆ ಜನರ ಕಾಲಡಿ ಸಿಕ್ಕಿ ಒಡೆದಿತ್ತು. ಒಂದೇ ಒಂದು ಅರ್ಜಿ ತುಂಬಿರಲಿಲ್ಲ.

ವ್ಯಾನಿನಲ್ಲಿ ಮೈಸೂರಿನವನು ಡೆವನ್ ದಾಟಿದ ಮೇಲೆ, "ಏನ್ ಸಾಹೇಬ್ರೆ, ಶಾಸ್ತ್ರಕ್ಕೆ ಒಂದು ಭಾವಗೀತೆ ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದ. ನಗುವಂತೆ ಹೇಳಿದ. ಇಬ್ಬರಿಗೂ ನಗು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗೋದಾಮಿನ ಶಟರ್ ಎತ್ತುವಾಗ ಸಂಘಟಕಿಯ ಕಾರು ನಿಂತಿತ್ತು. ಅಧ್ಯಕ್ಷರೂ ಇದ್ದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈಯಲಿ ಎಂದೂ ಅನ್ನಿಸಿತು. ಸುದ್ದಿ ಆಗಲೇ ಡೆಟ್ರಾಯಿಟ್ ಮುಟ್ಟಿತ್ತು. ಆತ ತನ್ನ ಸಭೆಗಳಲ್ಲಿ ಆ ಹಾಡು ಹಾಕಿಸುತ್ತಾನೆ, ಒಳಗೊಳಗೆ ಅವನೂ ಆ ಪಡೆಯವನೇ ಎಂದು ಫೋನುಗಳು ಓಡಾಡಿದ್ದವು. ಎರಡನೆಯ ಸಭೆ ರದ್ದು ಮಾಡೋಣ ಎಂದು ಸಂಘಟಕಿಯ ಹಟ. ಅಧ್ಯಕ್ಷರು ಮೈಕುಗಳ ಧ್ವನಿ ಏರಿಳಿಸುವ ನನ್ನ ಮಿಕ್ಸರಿನ ಮುಂದೆ ಸ್ಟೂಲ್ ಎಳೆದು ಕೂತು, ಸಾಲಾಗಿರುವ ಗುಂಡಿಗಳನ್ನು ಎಂಜಿನಿಯರ್ ಕಣ್ಣಲ್ಲಿ ನೋಡಿದರು. ಯಾವುದು ಯಾವುದಕ್ಕೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಅವರ ಇಂಗ್ಲಿಷ್ ನಿಧಾನ, ಆದರೆ ಗಟ್ಟಿ.

ಪುರಸಭೆಯಲ್ಲಿ ಅವರು ಮಾತಿಗೆ ನಿಂತಾಗಲೆಲ್ಲ ಯಾರೋ ಹೊರಗೆ ಹೋಗಿ ಕರೆಂಟ್ ತೆಗೆಯುತ್ತಿದ್ದರಂತೆ. ಮೈಕಿಲ್ಲದೆ ಮಾತಾಡುವುದನ್ನು ಅಲ್ಲೇ ಕಲಿತೆ ಎಂದರು. ಆಗ ಅವರು ಒಂದು ನಿಯಮ ತಂದರು. ಯಾರು ಮಾತಾಡುವುದಿದ್ದರೂ ಎದ್ದು ನಿಂತು ಮೊದಲು ಹೆಸರು ಹೇಳಬೇಕು, ಆಮೇಲೆ ಊರು ಅಥವಾ ಕೇರಿ, ಆಮೇಲೆ ಮಾತು. ಧರ್ಮ, ಜನಾಂಗ, ಪಕ್ಷ ಹೇಳುವಂತಿಲ್ಲ. ಹೆಸರು ಹೇಳಿದ ಮೇಲೆ ಬೈದರೂ ಅಡ್ಡಿಯಿಲ್ಲ, ಯಾರೂ ತಡೆಯುವಂತಿಲ್ಲ. ಚೀಟಿಗೆ ತಾವು ಒಪ್ಪಿದ್ದೇ ತಪ್ಪು ಎಂದರು.

"ಸಭೆ ನಡೆಯುತ್ತೆ. ನೀವು ಬರಬೇಕು. ಒಂದೇ ಮಾತು. ಏನೇ ಆದರೂ ನಿಮ್ಮ ಕೈ ಆ ಗುಂಡಿಯನ್ನು ಕೆಳಗೆ ಎಳೆಯಬಾರದು."

"ನನ್ನನ್ನೇ ಯಾಕೆ?"

"ಏನಾಗುತ್ತೆ ಅಂತ ನಿಮಗೆ ಈಗ ಗೊತ್ತು. ಹೊಸಬನಿಗೆ ಗೊತ್ತಿರೋದಿಲ್ಲ."

ಹೊರಡುವಾಗ ಕೈ ಕುಲುಕಿ ನನ್ನ ಹೆಸರು ಕೇಳಿದರು. ಹೇಳಿದೆ, ಮಕ್ತುಂಸಾಬ್. ಸಂಘಟಕಿ ಥಟ್ಟನೆ ತಿರುಗಿ ನೋಡಿದಳು. ಇಂಡಿಯನ್ ಎಂದು ಕರೆತಂದ ಮನುಷ್ಯ ಮುಸ್ಲಿಮ್ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಅಧ್ಯಕ್ಷರು ಊರು ಯಾವುದು ಎಂದು ಮಾತ್ರ ಕೇಳಿದರು.

ಆ ವಾರವೆಲ್ಲ ಮನೆಯಲ್ಲಿ ಇದೇ ಮಾತು. ಅವರವರ ಹಗೆ ಅವರವರಿಗೆ, ಹೋಗಬೇಡಿ ಎಂದಳು ಹೆಂಡತಿ. ಮೈಸೂರಿನವನೂ ಅದನ್ನೇ ಹೇಳಿದ. "ನಿಮ್ಗ್ಯಾಕೆ ಬೇಕು ಸಾಹೇಬ್ರೆ ಈ ಉಸಾಬರಿ? ನ್ಯೂಯಾರ್ಕ್ ಟವರ್ ಬಿದ್ದು ಮೂರು ವರ್ಷ ಆಗಿಲ್ಲ, ನಿಮ್ಮ ಹೆಸರು ಬೇರೆ ಹಿಂಗಿದೆ."

"ಹಾಡು ಹಾಕಿದಾಂವ ನಾನ, ಸ್ವಾಮೇರ. ಹೆಸರು ಕೆಟ್ಟಿದ್ದು ಅವರದು. ಮನ್ಯಾಗ ಕುಂತ್ರ ನನಗ ಅನ್ನ ಇಳಿಯೂದಿಲ್ಲ. ನೀವು ಬರಬ್ಯಾಡ್ರಿ."

"ಸ್ಪೀಕರ್ ಯಾರು ಎತ್ತೋರು, ನಿಮ್ಮ ತಾತನಾ?" ಎಂದು ಬೈದುಕೊಂಡೇ ಭಾನುವಾರ ಬೆಳಿಗ್ಗೆ ವ್ಯಾನ್ ಹತ್ತಿದ.

ಎರಡನೆಯ ಸಭೆ ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿ, ಎಲ್ಕ್ ಗ್ರೋವಿನಿಂದ ಸುಮಾರು ಮುನ್ನೂರು ಮೈಲಿ. ಮಿಶಿಗನ್‌ನಲ್ಲಿ ಅದು ನಮಗೆ ಮೊದಲ ಕೆಲಸ. ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮರೆತಿದ್ದೆವು. ಆ್ಯನ್ ಆರ್ಬರ್ ಹತ್ತಿರ ಪೆಟ್ರೋಲ್ ಹಾಕಿಸುವಾಗ ಗೋಡೆಯ ಗಡಿಯಾರ ನೋಡಿ ಮೈಸೂರಿನವನು ಹಣೆ ಚಚ್ಚಿಕೊಂಡ. ವಿಕ್ಸಮ್ ರೋಡ್ ಎಕ್ಸಿಟ್ ಇಳಿದು ಕಾರ್ಖಾನೆಗಳ ನಡುವಿನ ಆ ಹಾಲ್ ಮುಟ್ಟಿದಾಗ ಜನ ಆಗಲೇ ಬಂದಿದ್ದರು. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಒಳಗೆ ಒಂದೇ ಒಂದು ಹಳೆಯ ಎ.ಸಿ. ಗೊರಗೊರ ಅನ್ನುತ್ತಿತ್ತು.

ಅವಸರದಲ್ಲಿ ವೇದಿಕೆಯ ಮೈಕ್ ಸರಿಮಾಡಿದೆವು. ಪ್ರೇಕ್ಷಕರ ನಡುವಿನ ದಾರಿಯಲ್ಲಿ ನಿಲ್ಲಿಸಬೇಕಾದ ಮೈಕಿಗೆ ಎಳೆದ ಕೇಬಲ್ ಕರಕರ ಸದ್ದು ಮಾಡಿತು. ಬೇರೆ ಕೇಬಲ್ ಎಳೆದು, ಕಾಲಿಗೆ ತೊಡರದಂತೆ ನೆಲಕ್ಕೆ ಟೇಪ್ ಬಡಿದೆವು. ಅದರ ಧ್ವನಿ ಎಷ್ಟು ಏರಿಸಬೇಕೆಂದು ಪರೀಕ್ಷಿಸಲು ಸಮಯ ಉಳಿಯಲಿಲ್ಲ. ಅಂದಾಜಿಗೆ ಒಂದು ಮಟ್ಟಕ್ಕೆ ಇಟ್ಟೆ. ಮಿಕ್ಸರ್ ಹಾಲಿನ ಹಿಂಬದಿಯಲ್ಲಿ, ಬಾಗಿಲ ಪಕ್ಕ. ಸಂಘಟಕಿ ನನ್ನ ಮಗ್ಗುಲಲ್ಲಿ ನಿಂತು ಪ್ರತಿ ಮಾತನ್ನೂ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ಈ ಸಲ ರ್‍ಯಾಕಿನಲ್ಲಿ ಸಿ.ಡಿ. ಪ್ಲೇಯರ್ ಇರಲಿಲ್ಲ. ಮನೆಯಲ್ಲೇ ಬಿಟ್ಟುಬಂದಿದ್ದೆ.

ಅಧ್ಯಕ್ಷರು ನಿಯಮ ಹೇಳಿದರು. ಹೆಸರು, ಊರು, ಆಮೇಲೆ ಮಾತು. ಮೊದಲು ಒಬ್ಬ ಮುದುಕಿ ಬಂದು ಹೆಸರು, ಊರು ಹೇಳಿ ಅವರನ್ನು ಚೆನ್ನಾಗಿ ಬೈದು ಹೋಗಿ ಕೂತಳು. ಸಭೆ ನಕ್ಕಿತು, ಅಧ್ಯಕ್ಷರೂ ನಕ್ಕರು. ಇಬ್ಬರು ಮೂವರು ಬಂದರು. ಮೇಜಿನ ಮೇಲಿದ್ದ ಅರ್ಜಿಗಳನ್ನು ಒಬ್ಬಿಬ್ಬರು ಎತ್ತಿಕೊಂಡರು. ಇನ್ನೇನೂ ಆಗಲಾರದು ಎಂದುಕೊಂಡೆ.

ಆಗ ಬಾಗಿಲಿಂದ ಅವನು ಬಂದ. ನಲವತ್ತರ ಹತ್ತಿರದವನು. ಜುಲೈ ಸೆಕೆಯಲ್ಲಿ ಜಾಕೆಟ್. ನನ್ನನ್ನು ದಾಟಿ ಮುಂದೆ ಹೋಗುವಾಗ ಅದು ಸೊಂಟದ ಹಿಂದೆ ಎತ್ತಿಕೊಂಡಿತ್ತು. ಅಲ್ಲಿ ಕಂಡದ್ದು ಪಿಸ್ತೂಲಿನ ಹಿಡಿ ಎಂದು ನನ್ನ ಕಣ್ಣಿಗೆ ತಿಳಿಯಿತು. ಬಾಯಿಗೆ ತಿಳಿಯಲಿಲ್ಲ. ಈಗಲೂ ಆ ಹತ್ತು ಹೆಜ್ಜೆಗಳನ್ನು ನಾನು ಎಣಿಸುತ್ತೇನೆ. ಒಂದರಲ್ಲಾದರೂ ನಾನು ಕೂಗಬಹುದಿತ್ತು.

ಅವನು ಮೈಕಿನ ಮುಂದೆ ನಿಂತ. ಹೆಸರು ಹೇಳಲಿಲ್ಲ. ತುಟಿ ಆಡಿತು, ಏನೂ ಕೇಳಲಿಲ್ಲ. ಹಿಂದಿನ ಸಾಲಿನವರು ಗಟ್ಟಿಯಾಗಿ ಎಂದು ಕೂಗಿದರು. ಅವನ ಕೈ ಬೆನ್ನ ಹಿಂದೆ ಹೋಗಿ ಪಿಸ್ತೂಲು ಹಿಡಿದು ಮುಂದೆ ಬಂತು. ಕೂಗು ನಿಂತಿತು.

ಸಂಘಟಕಿ ನನ್ನ ಎಡಗೈ ಮಣಿಕಟ್ಟು ಹಿಡಿದು, ಮೈಕ್ ತೆಗೆ, ತೆಗೆ ಎಂದಳು. ಅವಳ ಉಗುರು ನೆಟ್ಟ ಗುರುತು ವಾರವಿತ್ತು. ಹುಬ್ಬಳ್ಳಿಯ ಪಾಠ ನನ್ನ ಬೆರಳುಗಳನ್ನು ಎಳೆಯುತ್ತಿತ್ತು. ಮೈಕ್ ತೆಗೆದರೆ ಅವನ ಕೈಯಲ್ಲಿ ಉಳಿಯುವುದು ಅದೊಂದೇ ಎಂದು ನನಗೆ ಹೇಗೋ ಹೊಳೆಯಿತು. ಬಲಗೈಯಿಂದ ಅವನ ಮೈಕಿನ ಗುಂಡಿಯನ್ನು ಮೇಲಕ್ಕೆ ತಳ್ಳಿದೆ. ಸ್ಪೀಕರಿನಲ್ಲಿ ಅವನ ಉಸಿರು ಕೇಳಿಸಿತು. ಇಡೀ ಹಾಲಿಗೆ. ಅವನಿಗೂ ಕೇಳಿಸಿತು. ಬೆಚ್ಚಿ ಸ್ಪೀಕರಿನ ಕಡೆ ನೋಡಿದ. ಆಮೇಲೆ ಮಾತಾಡಿದ. ಸಂಘಟಕಿ ಹಲ್ಲು ಕಚ್ಚಿಕೊಂಡು ನನಗೆ ಹೇಳಿದಳು. ಆ ಹಾಡು ಹಾಕಿಸಿದ್ದು ಯಾರು ಎಂದು ಅವನ ಪ್ರಶ್ನೆ.

ಅಧ್ಯಕ್ಷರು ವೇದಿಕೆಯಿಂದ ಇಳಿದು, ಬರಿಗೈಯಲ್ಲಿ, ಅವನಿಂದ ಮೂರು ಮಾರು ದೂರದಲ್ಲಿ ನಿಂತರು. ಮೈಕಿಲ್ಲದ ದನಿ. ನನ್ನ ಸಭೆಯಲ್ಲಿ ಕೇಳಿಸಿದ್ದು ನನ್ನ ಹೊಣೆ ಎಂದರಂತೆ. ಪಿಸ್ತೂಲು ಮೇಲಕ್ಕೆ ಬಂತು.

ಮಿಕ್ಸರಿನ ಹತ್ತಿರ ನಾವು ಒಂದು ಸಣ್ಣ ಮೈಕ್ ಇಟ್ಟಿರುತ್ತೇವೆ, ಹಲೋ ಟೆಸ್ಟಿಂಗ್ ಅನ್ನುವುದಕ್ಕೆ. ಅದನ್ನು ನಾನು ಎತ್ತಿಕೊಂಡದ್ದು ನನಗೆ ನೆನಪಿಲ್ಲ. ನನ್ನದೇ ದನಿ ಸ್ಪೀಕರಿನಿಂದ, ಇಂಗ್ಲಿಷಿನಲ್ಲಿ, ಬಂದದ್ದು ನೆನಪಿದೆ.

"ನನ್ನ ಹೆಸರು ಮಕ್ತುಂಸಾಬ್. ಊರು ಹುಬ್ಬಳ್ಳಿ, ಇಂಡಿಯಾ. ಆ ಹಾಡು ಹಾಕಿದವನು ನಾನು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಇವರಿಗೆ ಹಾಡು ಹಾಕುತ್ತೇನೆ ಅಂತಲೇ ಗೊತ್ತಿರಲಿಲ್ಲ."

ಅವನು ತಿರುಗಿದ. ಕೊಳವೆಯ ಕಪ್ಪು ತೂತು ನೇರ ನನ್ನ ಕಡೆ. ಪಕ್ಕದಲ್ಲಿ ಮೈಸೂರಿನವನು, "ಕೂತ್ಕೊಳ್ರೀ, ಕೂತ್ಕೊಳ್ರೀ" ಎಂದು ನನ್ನ ಅಂಗಿ ಎಳೆಯುತ್ತಿದ್ದ. ಕೂರಲಿಲ್ಲ. ಧೈರ್ಯ ಎಂದು ಯಾರೂ ತಿಳಿಯಬಾರದು. ಒಂದು ಸಿಟ್ಟು ಇತ್ತು, ಅಷ್ಟೇ. ನನ್ನ ತಪ್ಪಿಗೆ ಇನ್ನೊಬ್ಬ ಸಾಯುವುದು ಬೇಡ, ಅದೂ ನನ್ನ ಮೈಕಿನ ಮುಂದೆ.

ನನ್ನ ಹೆಸರು ಅವನಲ್ಲಿ ಏನೋ ಮಾಡಿತು. ಮುಸ್ಲಿಮ್ ಹೆಸರು, ಆ ಹಾಡು, ಎರಡನ್ನೂ ಹೊಂದಿಸಲಾಗದೆ ಅವನು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದ. ಆಗ ಅಧ್ಯಕ್ಷರು ಹಿಂದಿನಿಂದ, ಪುರಸಭೆಯಲ್ಲಿ ಕೂತವರ ಗತ್ತಿನಲ್ಲಿ, ಒಂದು ಮಾತು ಹೇಳಿದರು. ಸಂಘಟಕಿ ಅದನ್ನು ನನಗೆ ಹೇಳುವುದನ್ನೇ ಮರೆತಳು. ಹೇಳಬೇಕಾಗಿಯೂ ಇರಲಿಲ್ಲ. "ಅವರು ಹೇಳಿದರು. ಈಗ ನೀನು. ಹೆಸರು, ಊರು."

ಎ.ಸಿ. ಗೊರಗೊರ. ಅವನ ಉಸಿರು. ಕೊನೆಗೆ ಅವನು ಮೈಕಿನ ಕಡೆ ತಿರುಗಿ ಹೆಸರು ಹೇಳಿದ. ಊರು ಹೇಳಿದ. ಬಲಗಡೆಯ ಮೂರನೆಯ ಸಾಲಿನಿಂದ ಒಬ್ಬ ಗಂಡಸು ಎದ್ದು, ನೀನು ಗಿರಣಿಯವರ ಮಗನಲ್ಲವೇ ಎಂದ. ಇನ್ನೊಬ್ಬಳು ಅವನ ತಾಯಿಯ ಹೆಸರು ಹೇಳಿ ಕೂಗಿದಳು. ಬಾಗಿಲಿಂದ ಒಳಗೆ ಬಂದಾಗ ಅವನು ಯಾರೂ ಅಲ್ಲ. ಈಗ ಇಡೀ ಸಭೆಗೆ ಗೊತ್ತಿರುವ ಮನೆಯ ಮಗ. ಪಿಸ್ತೂಲಿನ ಕೈ ತೊಡೆಯ ಪಕ್ಕಕ್ಕೆ ಇಳಿಯಿತು. ಬಿಡಲಿಲ್ಲ, ಇಳಿಯಿತು.

ಆಮೇಲೆ ಹತ್ತು ನಿಮಿಷ ಅವನು ಮಾತಾಡಿದ. ಅಣ್ಣನನ್ನು ಗಿರಣಿಯ ಅಂಗಳದಿಂದ ಕರೆದುಕೊಂಡು ಹೋದದ್ದು, ಕರೆದೊಯ್ದವರು ಆ ಹಾಡು ಹಾಡುತ್ತಿದ್ದದ್ದು, ತಾಯಿ ಇಂದಿಗೂ ಅಣ್ಣನ ಬೂಟು ಒರೆಸಿಡುವುದು. ನನ್ನ ಕೈ ಗುಂಡಿಯ ಮೇಲೇ ಇತ್ತು. ಅವನು ಮೆಲ್ಲಗಾದಾಗ ಏರಿಸಿದೆ, ಗಟ್ಟಿಯಾದಾಗ ದನಿ ಒಡೆಯದಂತೆ ಹಿಡಿದೆ. ನನಗೆ ಬರುವ ಕೆಲಸ ಅಷ್ಟೇ.

ಅಧ್ಯಕ್ಷರು ಉತ್ತರ ಕೊಟ್ಟರು. "ನಿನ್ನ ಅಣ್ಣ ಎಲ್ಲಿದ್ದಾನೆ ನನಗೆ ಗೊತ್ತಿಲ್ಲ. ಗೊತ್ತಿರಬಹುದಾದ ಮೂವರು ನನಗೆ ಗೊತ್ತು. ಮೂವರೂ ನನ್ನ ಜನವೇ. ಅವರ ಹೆಸರನ್ನು ಪುರಸಭೆಯಲ್ಲಿ ಎರಡು ಸಲ ಹೇಳಿದ್ದೇನೆ. ಎರಡು ಸಲ ಕಾರು ಸುಟ್ಟರು. ಈಗ ಮೂರನೇ ಸಲ ಹೇಳ್ತೇನೆ." ಅವನ ಮೈಕಿಗೇ ಬಾಗಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು, ಮೂರು ಹೆಸರು ಹೇಳಿದರು. ಊರಿನ ಸಮೇತ. ಆ ಸಭೆಯಲ್ಲಿ ಕ್ರೊಯಾಟರೂ ಇದ್ದರು. ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಕೂತೇ ಇದ್ದರು.

ಅವನು ಪಿಸ್ತೂಲನ್ನು ಖಾಲಿ ಕುರ್ಚಿಯೊಂದರ ಮೇಲೆ ಇಟ್ಟ. ಸಂಘಟಕಿ ಹೋಗಿ ಅದರ ಮೇಲೆ ತನ್ನ ಸ್ಕಾರ್ಫ್ ಹಾಕಿದಳು. ಯಾರೋ ಫೋನ್ ಮಾಡಿದ್ದರು, ಪೊಲೀಸರು ಬಂದರು. ಅವನು ಓಡಲಿಲ್ಲ. ಮುಂದೆ ಕೋರ್ಟಿನಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ, ಪಿಸ್ತೂಲು ನನ್ನ ಕಡೆ ತಿರುಗಿದ್ದನ್ನೂ, ಅವನು ಹೆಸರು ಹೇಳಿದ್ದನ್ನೂ. ಅಧ್ಯಕ್ಷರು ಬೋಸ್ನಿಯಾದಿಂದ ಅವನ ಪರವಾಗಿ ಪತ್ರ ಬರೆದು ಕಳಿಸಿದ್ದರು.

ಪೊಲೀಸರ ಪ್ರಶ್ನೆಗಳು ಮುಗಿದ ಮೇಲೆ ಹೊರಟುಹೋಗುತ್ತಾರೆಂದುಕೊಂಡಿದ್ದ ಜನ ಮೇಜಿನ ಮುಂದೆ ಸಾಲು ನಿಂತಿದ್ದರು. ಅರ್ಜಿ ಸಾಕಾಗದೆ ಸಂಘಟಕಿ ಹತ್ತಿರದ ಜೆರಾಕ್ಸ್ ಅಂಗಡಿಗೆ ಓಡಿದಳು. ನಾನು ವ್ಯಾನಿನ ಬಾಗಿಲಲ್ಲಿ ಕೂತು ಕೇಬಲ್ ಸುತ್ತುತ್ತಿದ್ದೆ. ಮೈಸೂರಿನವನು ನೀರು ಕೊಟ್ಟು, "ಇನ್ಮೇಲೆ ಬರೀ ಸತ್ಯನಾರಾಯಣ ಪೂಜೆ ಆರ್ಡರ್ ಹಿಡಿಯೋಣ ಸಾಹೇಬ್ರೆ" ಎಂದ. ಈ ಸಲ ನಕ್ಕೆವು. ವಾಪಸು ಬರುವಾಗ ಎಲ್ಲ ಮುನ್ನೂರು ಮೈಲಿ ಅವನೇ ಡ್ರೈವ್ ಮಾಡಿದ.

ಚುನಾವಣೆಯಲ್ಲಿ ಅವರು ಮೇಯರ್ ಆಗಲಿಲ್ಲ. ಪುರಸಭೆಯ ಒಂದು ಕುರ್ಚಿ ಉಳಿಸಿಕೊಂಡರು. ಮೊದಲ ದಿನವೇ ಎದ್ದು ಆ ಮೂರು ಹೆಸರನ್ನು ಮತ್ತೆ ಹೇಳಿದರು ಎಂದು ಸಂಘಟಕಿ ಫೋನಿನಲ್ಲಿ ಹೇಳಿದಳು. ಕರೆಂಟ್ ತೆಗೆದರೇ ಎಂದು ಕೇಳಿದೆ. ತೆಗೆದರು, ಇವರು ನಿಲ್ಲಿಸಲಿಲ್ಲ ಎಂದಳು.

ಎರಡು ವರ್ಷದ ಮೇಲೆ ನಮ್ಮ ಕನ್ನಡದವರ ಸಂಘವೊಂದರ ವಾರ್ಷಿಕ ಸಭೆಗೆ ಸೌಂಡ್ ನನ್ನದಿತ್ತು. ಶಾಲೆಯೊಂದರ ಆಡಿಟೋರಿಯಂ. ಸಂಘದ ಮುಂದಿನ ಅಧ್ಯಕ್ಷರು ಯಾರಾಗಬೇಕು ಎಂದು ಜಗಳ ಹತ್ತಿತು. ಬೆಂಗಳೂರಿನವರು, ಉತ್ತರ ಕರ್ನಾಟಕದವರು ಎಂಬ ಮಾತು ಬಂತು. ಹಿಂದಿನ ಸಾಲಿನಿಂದ ಹೆಸರಿಲ್ಲದ ಕೂಗುಗಳು. ಕಾರ್ಯದರ್ಶಿ ಓಡೋಡಿ ಬಂದು, "ಸಾರ್, ಪ್ಲೀಸ್, ಮೈಕ್ ಆಫ್ ಮಾಡಿ ಯಾವ್ದಾದ್ರೂ ಸಾಂಗ್ ಹಾಕ್ಬಿಡಿ" ಎಂದ.

ಮೈಕಿನ ಸ್ಟ್ಯಾಂಡ್ ಎತ್ತಿಕೊಂಡು ಹೋಗಿ ದಾರಿಯ ನಡುವೆ ನಿಲ್ಲಿಸಿದೆ. ಕೇಬಲಿಗೆ ಟೇಪ್ ಬಡಿದೆ. ವಾಪಸು ಬಂದು ಸಣ್ಣ ಮೈಕ್ ಹಿಡಿದು ಹೇಳಿದೆ. "ಮಕ್ತುಂಸಾಬ್, ಹುಬ್ಬಳ್ಳಿ. ಮೈಕ್ ಬಂದ್ ಮಾಡೂದಿಲ್ಲ ನಾನು. ಬೈಯೂದಿದ್ರ ಮುಂದ ಬಂದು ಬೈರಿ. ಹೆಸರು, ಊರು ಹೇಳಿ ಬೈರಿ."

ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ಚಳಿಗಾಲ, ಜಾಕೆಟ್ ಹಾಕಿಕೊಂಡಿದ್ದರು. ನನ್ನ ಕಣ್ಣು ಮೊದಲು ಅವರ ಸೊಂಟದ ಹಿಂದಕ್ಕೆ ಹೋಯಿತು. ಬಲಗೈಯಿಂದ ಅವರ ಮೈಕಿನ ಧ್ವನಿ ಏರಿಸಿದೆ.